ಚೌಡಿಕಲ್ಲಿನ ತಪ್ಪುಕಾಣಿಕೆ

"ಯಾವ ಸೂಳೆಮಗ ಹೊತ್ಕೊಂಡು ಹೋದನೋ ಅವನೇ ಮುಂದೆ ಬರ್ಬೇಕು. ಇಲ್ದಿದ್ರೆ ಇವತ್ತು ಒಬ್ರೂ ಮನೆಗೆ ಹೋಗೋ ಹಂಗಿಲ್ಲ. ಹೆಂಗಸ್ರೂ ಅಷ್ಟೆ, ಮಕ್ಕಳೂ ಅಷ್ಟೆ!"

ವಾಸಪ್ಪ ಗೌಡರು ಕಣದ ನಡುವೆ ನಿಂತು ಕೂಗುತ್ತಿದ್ದರು. ಒಣಹಾಕಿದ್ದ ಕಾಳುಮೆಣಸು ಅವರ ಚಪ್ಪಲಿಯಡಿ ಕರಕರ ಎನ್ನುತ್ತಿತ್ತು. ಬೇರೆ ದಿನ ಯಾರಾದರೂ ಹಾಗೆ ಮೆಣಸು ತುಳಿದಿದ್ದರೆ ಅವರ ವಂಶವನ್ನೇ ಎತ್ತಿ ಬೈಯುತ್ತಿದ್ದವರು ಇದೇ ಗೌಡರು. ಗೋದಾಮಿನಿಂದ ಮೂರು ಚೀಲ ಮೆಣಸು ಮಾಯವಾಗಿತ್ತು. ಬೀಗ ಒಡೆದಿರಲಿಲ್ಲ, ಹೆಂಚು ಸರಿದಿರಲಿಲ್ಲ. ಬೀಗದ ಕೈ ಒಂದು ಗೌಡರ ಸೊಂಟದಲ್ಲಿ, ಇನ್ನೊಂದು ಮಗ ವಿಜಯನ ಜೀಪಿನಲ್ಲಿ. ಆದರೂ ಬಿಸಿಲಿಗೆ ನಿಲ್ಲಿಸಿದ್ದು ಎಸ್ಟೇಟಿನ ಲೈನ್ ಮನೆಯ ಆಳುಗಳನ್ನು.

ಕಮಲ ಹೆಂಗಸರ ಸಾಲಿನಲ್ಲಿದ್ದಳು. ಬೆಳಿಗ್ಗೆ ಬರುವಾಗ ಗೋದಾಮಿನ ಹಿಂದೆ, ಹಲಸಿನ ಮರದಡಿ ಒಂದು ಜೀಪಿನ ಹಿಂಭಾಗ ಅವಳ ಕಣ್ಣಿಗೆ ಬಿದ್ದಿತ್ತು. ಜಯಪುರದ ಮೆಣಸಿನ ವ್ಯಾಪಾರಿ ಬಂದಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು. ಗಂಡ ಶೇಷಪ್ಪ ಗಂಡಸರ ಸಾಲಿನ ಮುಂದೆ ನಿಂತಿದ್ದ. ಏಣಿ ಹತ್ತಿ ಮೆಣಸು ಕೊಯ್ಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಜೊತೆಗೆ ಕೇರಿಗೆ ಗುರಿಕಾರ. ಗುರಿಕಾರನಾದರೆ ಕೂಲಿಯೇನೂ ಜಾಸ್ತಿ ಸಿಗುವುದಿಲ್ಲ. ಮದುವೆಯಲ್ಲಿ ಮೊದಲ ವೀಳ್ಯ, ಹೆಣಕ್ಕೆ ಮೊದಲ ಹೆಗಲು, ಧಣಿಯ ಬೈಗುಳದಲ್ಲಿ ಮೊದಲ ಪಾಲು ಅವನದು.

ಹೊತ್ತು ನೆತ್ತಿಗೆ ಬಂತು. ಮುದುಕಿ ಸೀತಕ್ಕ ಕೈ ಎತ್ತಿದಳು.

"ಒಡೇರೆ, ಒಂಚೂರು ಆಚೆಗೆ ಹೋಗ್ಬೇಕಿತ್ತು."

"ಎಂತಕ್ಕೆ? ಮಾಲು ಬಚ್ಚಿಟ್ಟು ಬರಕ್ಕಾ?" ಎಂದ ವಿಜಯ್. ಅವನು ಹೊಸ ಮೊಬೈಲಿಗೆ ಸಿಗ್ನಲ್ ಹುಡುಕುತ್ತ ಕಣದ ಅಂಚಿನಲ್ಲಿ ಅತ್ತಿತ್ತ ಓಡಾಡುತ್ತಿದ್ದ. "ಅಲ್ಲೇ ನಿಂತ್ಕೊ ಮುದ್ಕಿ."

ಸೀತಕ್ಕ ಅಲ್ಲೇ ನಿಂತಳು. ಆಮೇಲೆ ತಡೆಯಲಾಗದೆ ಅವಳ ಸೀರೆ ಒದ್ದೆಯಾಗಿ, ಸಿಮೆಂಟಿನ ಮೇಲೆ ಸಣ್ಣಗೆ ಹರಿಯಿತು. ವಿಜಯ್ ನಕ್ಕ. ಕೇರಿಯವರೆಲ್ಲ ತಲೆ ತಗ್ಗಿಸಿದರು. ನಗುವವನಿಗೆ ಇಲ್ಲದ ನಾಚಿಕೆಯನ್ನು ಅವರೇ ಹಂಚಿಕೊಂಡರು.

ಅಷ್ಟು ಹೊತ್ತೂ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ದತ್ತಮೂರ್ತಿ ಭಟ್ಟರು ಆಗ ಎದ್ದರು. ಅಡ್ಡಗದ್ದೆಯ ಕಡೆಯವರು. ಗೌಡರ ಮನೆಯ ಪೂಜೆ ಪುನಸ್ಕಾರವೆಲ್ಲ ಅವರದೇ.

"ಎಂತಕ್ಕೆ ಮಾರಾಯ್ರೆ ಇಷ್ಟೆಲ್ಲ? ಚೌಡಿಕಲ್ಲಿಗೆ ಒಂದು ತಪ್ಪುಕಾಣಿಕೆ ಹಾಕಿ ಮುಗಿಸಿ. ದೇವರಿಗೆ ಒಪ್ಸಿದ್ರೆ ಆಯ್ತಲ್ಲ. ಪೊಲೀಸು ಗಿಲೀಸು ಯಾರಿಗೆ ಬೇಕು?"

"ಹೌದು," ಎಂದರು ಗೌಡರು. ದನಿ ಒಮ್ಮೆಲೇ ಮೆತ್ತಗಾಗಿತ್ತು. "ಹಾಕಿದ್ರೆ ನಾನೂ ಮರ್ತೆ. ತಾಯಿ ಆಣೆ."

ತಪ್ಪುಕಾಣಿಕೆ ಅವರಿಗೆ ಹೊಸದಲ್ಲ. ದನ ಕಳೆದರೆ, ಏಣಿಯಿಂದ ಯಾರಾದರೂ ಬಿದ್ದರೆ, ಮಗುವಿನ ಜ್ವರ ಇಳಿಯದಿದ್ದರೆ, ಎಲ್ಲೋ ಏನೋ ತಪ್ಪಾಗಿದೆ ಎಂದು ಕಲ್ಲಿನ ಮುಂದೆ ನಾಣ್ಯ ಇಡುತ್ತಾರೆ. ಯಾವ ತಪ್ಪು, ಯಾರ ತಪ್ಪು ಎಂದು ಯಾರೂ ಕೇಳುವುದಿಲ್ಲ. ಇಷ್ಟು ವರ್ಷದಲ್ಲಿ ಚೌಡಿಯೂ ಕೇಳಿದ್ದಿಲ್ಲ. ಕೇರಿಯ ಮೇಲೆ ಮಾತು ಬಂದರೆ ಎಲ್ಲರ ಪರವಾಗಿ ಗುರಿಕಾರ ಇಡಬೇಕು. ಶೇಷಪ್ಪನ ಅಪ್ಪನೂ ಇಟ್ಟಿದ್ದ, ಅಜ್ಜನೂ ಇಟ್ಟಿದ್ದ.

ಶೇಷಪ್ಪ ಸೀತಕ್ಕನ ಒದ್ದೆ ಸೀರೆಯನ್ನೊಮ್ಮೆ ನೋಡಿದ. ಪಂಚೆಯ ಗಂಟು ಬಿಚ್ಚಿ ನಾಣ್ಯ ತೆಗೆದ. ಕಮಲಳಿಗೆ ಬೇಡ ಎನ್ನಬೇಕು ಅನ್ನಿಸಿತು, ದೇವರ ಕಾಣಿಕೆಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಅವನು ಕಣದ ಅಂಚಿನಲ್ಲಿದ್ದ ಚೌಡಿಕಲ್ಲಿನ ಮುಂದೆ ನಾಣ್ಯ ಇಟ್ಟು ಬಗ್ಗಿದ. "ತಿಳ್ದೋ ತಿಳೀದೆಯೋ ಆಗಿದ್ದನ್ನ ಹೊಟ್ಟೆಗೆ ಹಾಕ್ಕೊ ತಾಯಿ."

ಅವನಿನ್ನೂ ಸೊಂಟ ನೆಟ್ಟಗೆ ಮಾಡಿರಲಿಲ್ಲ.

"ನೋಡಿದ್ರಲ್ಲ ಎಲ್ರೂ? ಒಪ್ಕಂಡ! ಕಳ್ ನನ್ಮಗ, ತಾಯಿ ಮುಂದೆ ಒಪ್ಕಂಡ!" ಗೌಡರು ಕೈ ತಟ್ಟಿದರು.

ಗೋದಾಮಿನ ಹಿಂದಿನಿಂದ ಇಬ್ಬರು ಪೊಲೀಸರು ಬಂದರು. ಹಲಸಿನ ಮರದಡಿಯ ಜೀಪು ವ್ಯಾಪಾರಿಯದ್ದಾಗಿರಲಿಲ್ಲ.

"ಒಡೇರೆ, ಅದು ಎಲ್ರ ಪರವಾಗಿ... ನಾನು ಗುರಿಕಾರ ಅಲ್ವಾ..." ಶೇಷಪ್ಪನ ಕೈಗಳು ಇನ್ನೂ ಮುಗಿದೇ ಇದ್ದವು. ಕೆನ್ನೆಗೆ ಪೊಲೀಸನ ಪೆಟ್ಟು ಬಿದ್ದಾಗಲೂ ಅವನು ಕೈ ಬಿಡಿಸಲಿಲ್ಲ.

"ಗುರಿಕಾರನೇನೋ ಬೋಳಿಮಗನೆ? ನಡಿ, ಮಾಲು ಎಲ್ಲಿ ತೋರ್ಸು."

*

ಕೋರ್ಟಿಗೆ ಕರೆತಂದಾಗ ಶೇಷಪ್ಪ ಪಾದದ ಅಂಚಿನ ಮೇಲೆ ನಡೆಯುತ್ತಿದ್ದ. ಏಣಿಯ ಗಳುವಿನ ಮೇಲೆ ಗಂಟೆಗಟ್ಟಲೆ ನಿಲ್ಲುತ್ತಿದ್ದ ಪಾದಗಳು ಬಾತು ದಪ್ಪಗಾಗಿದ್ದವು.

"ಪೊಲೀಸರಿಂದ ಏನಾದರೂ ತೊಂದರೆ ಆಯಿತಾ?" ಎಂದು ನ್ಯಾಯಾಧೀಶರು ಕೇಳಿದರು.

ಶೇಷಪ್ಪ ಪಕ್ಕದಲ್ಲಿದ್ದ ಪೊಲೀಸನ ಬೂಟು ನೋಡಿದ. "ಇಲ್ಲ ಸ್ವಾಮಿ," ಎಂದ.

ಕಮಲಳಿಗೆ ಕೂಗಬೇಕೆನಿಸಿತು. ಕೋರ್ಟಿನಲ್ಲಿ ಕೂಗಿದರೆ ಅವಳನ್ನೂ ಒಳಗೆ ಹಾಕುತ್ತಾರೆ ಎಂದು ಬಸ್ಸಿನಲ್ಲಿ ಯಾರೋ ಹೆದರಿಸಿದ್ದರು. ಸೆರಗು ಬಾಯಿಗೆ ತುರುಕಿಕೊಂಡು ನಿಂತಳು.

ದುಡ್ಡು ಕೊಡಲಾಗದವರಿಗೆಂದು ಸರ್ಕಾರವೇ ಕೊಟ್ಟ ವಕೀಲೆ ಮಹಿಮಾ ಅವಳನ್ನು ಹೊರಗೆ ಹೊಂಗೆ ಮರದಡಿ ಕೂರಿಸಿಕೊಂಡಳು. ಚಿಕ್ಕ ವಯಸ್ಸು, ಕಪ್ಪು ಕೋಟಿನ ತೋಳು ಉದ್ದ.

"ಪೊಲೀಸ್ರ ಹತ್ರ ಒಪ್ಕೊಂಡಿದ್ದು ಕೋರ್ಟಲ್ಲಿ ನಿಲ್ಲಲ್ಲ ಕಮಲಮ್ಮ. ಎಷ್ಟು ಹೊಡ್ದು ಹೇಳಿಸಿದ್ರೂ ಅಷ್ಟೆ. ಮಾಲೂ ಸಿಕ್ಕಿಲ್ಲ. ನಂಗೆ ಹೆದರಿಕೆ ಇರೋದು ಆ ಕಾಣಿಕೆದು. ಊರವರ ಮುಂದೆ ತಾನಾಗೇ ಒಪ್ಕೊಂಡ ಅಂತ ನಿಮ್ಮ ಕೇರಿಯವರೇ ಸಾಕ್ಷಿ ಹೇಳಿದ್ರೆ ಜಡ್ಜು ಅದನ್ನ ಸುಮ್ನೆ ತಳ್ಳಿಹಾಕಲ್ಲ."

"ಅದು ಒಪ್ಕಳದಲ್ಲ ಲಾಯರಮ್ಮ. ಅದು ಕಾಣ್ಕೆ. ಎಲ್ರೂ ಹಾಕ್ತಾರೆ."

"ಹಾಗಂತ ಕೋರ್ಟಿಗೆ ಬಂದು ಹೇಳೋರು ಒಬ್ರನ್ನ ಕರ್ಕೊಂಡು ಬನ್ನಿ. ಒಬ್ರು ಸಾಕು." ಅವಳು ಕಡತ ಕಟ್ಟಿದಳು. "ಜಾಮೀನು ಸಿಗಬಹುದು. ಆದ್ರೆ ಪಹಣಿ ಇರೋರು ಯಾರಾದ್ರೂ ಹೊಣೆ ನಿಲ್ಬೇಕು."

"ಪಹಣಿ ಇರದು ಗೌಡ್ರಿಗೆ."

"ತವರಿನ ಕಡೆ?"

"ನರಸಿಂಹರಾಜಪುರದ ಹತ್ರ. ಅಪ್ಪನ ಗದ್ದೆ ಭದ್ರಾ ಡ್ಯಾಮಿನ ನೀರಡಿ ಉಂಟು. ಮೀನುಗಳ ಹೆಸ್ರಿಗೆ ಪಹಣಿ ಮಾಡ್ಕೊಟ್ಟಿರ್ಬೇಕು."

ವಕೀಲೆ ನಗಲಿಲ್ಲ. ಶೇಷಪ್ಪನನ್ನು ವ್ಯಾನಿಗೆ ಹತ್ತಿಸಿದರು. ಹತ್ತುವಾಗ ಅವನು ಹಿಂತಿರುಗಿ, "ಏಣಿ ಮಳೆಗೆ ನೆನೀದಂಗೆ ಒಳಗಿಡೇ," ಎಂದ.

*

ಕಮಲ ಊರಿಗೆ ಬರುವಷ್ಟರಲ್ಲಿ ಗೌಡರ ಜಗಲಿಯಲ್ಲಿ ಕೆಲಸ ಮುಗಿದಿತ್ತು. ಲೈನಿನ ಒಬ್ಬೊಬ್ಬರನ್ನೇ ಕರೆದು, ಶೇಷಪ್ಪ ತಾನೇ ಕದ್ದೆನೆಂದು ದೇವರ ಮುಂದೆ ಒಪ್ಪಿಕೊಂಡ ಎಂದು ಪೊಲೀಸರು ಹೇಳಿಕೆ ಬರೆದುಕೊಂಡಿದ್ದರು. ಪಕ್ಕದ ಮನೆಯ ರೇಣುಕಪ್ಪ ಅವಳನ್ನು ಕಂಡು ಒಳಗೆ ಸರಿದ. ಕಮಲ ಬಾಗಿಲಿಗೇ ಹೋದಳು.

"ಶೇಷಪ್ಪ ನಿನ್ನನ್ನ ಹೆಗಲ ಮೇಲೆ ಹೊತ್ಕೊಂಡು ಆಸ್ಪತ್ರೆಗೆ ಓಡಿದ್ದು ಮರ್ತೋಯ್ತೇನೋ? ಏಣಿಯಿಂದ ಬಿದ್ದಾಗ?"

"ಮರ್ತಿಲ್ಲ ಕಮಲಕ್ಕ." ರೇಣುಕಪ್ಪನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. "ಲೈನ್ ಮನೆ ಬಿಡು ಅಂದ್ರೆ ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ? ನೀನೇ ಹೇಳು."

ಕಮಲಳಿಗೂ ಗೌಡರಿಂದ ಅಪ್ಪಣೆ ಬಂದಾಗಿತ್ತು, ಚೌಡಿಪೂಜೆ ಕಳೆದ ಮೇಲೆ ಮನೆ ಖಾಲಿ ಮಾಡಬೇಕು. ಸಂಜೆಯಾದರೆ ವಿಜಯನ ಜೀಪು ಲೈನಿನ ಮುಂದೆ ನಿಧಾನಕ್ಕೆ ಹೋಗುತ್ತಿತ್ತು, ಅವಳ ಬಾಗಿಲಿಗೆ ಬಂದಾಗ ಒಂದು ಸಲ ಹಾರನ್ ಹೊಡೆಯುತ್ತಿತ್ತು. ಕಮಲ ಒಳಗೆ ಏಣಿಯನ್ನು ಬಾಗಿಲಿಗೆ ಅಡ್ಡ ಕೊಟ್ಟು ಮಲಗುತ್ತಿದ್ದಳು.

*

ಪೂಜೆಯ ದಿನ ಚೌಡಿಕಲ್ಲಿನ ಸುತ್ತ ಗುಡಿಸಿ ಸಾರಿಸುವ ಕೆಲಸ ಕಮಲಳಿಗೇ ಬಿತ್ತು. ಕಳ್ಳನ ಹೆಂಡತಿಯ ಕೈಯ ಸಗಣಿಗೆ ಮೈಲಿಗೆ ಇರುವುದಿಲ್ಲ. ಮೆಣಸು ಇಳಿದ ಮೇಲೆ ವರ್ಷಕ್ಕೊಮ್ಮೆ ನಡೆಯುವ ಪೂಜೆ. ಶಾಮಿಯಾನದಡಿ ಜಯಪುರದ ಕಡೆಯ ಗೌಡರುಗಳು, ಅವರ ನಡುವೆ ದೊಡ್ಡ ಕುರ್ಚಿಯಲ್ಲಿ ಸಬ್ ಇನ್ಸ್‌ಪೆಕ್ಟರು ಪಾನಕ ಕುಡಿಯುತ್ತಿದ್ದರು. ಕೇರಿಯವರು ದೂರದಲ್ಲಿ ನಿಂತಿದ್ದರು. ಕಾಲು ಕಟ್ಟಿದ ಹುಂಜ ಕಲ್ಲಿನ ಬದಿಯಲ್ಲಿ ಕಾಯುತ್ತಿತ್ತು. ಅದಕ್ಕೆ ಕತ್ತಿ ಬೀಳುವ ಮೊದಲು ಭಟ್ಟರು ಪ್ರಾರ್ಥನೆ ಮುಗಿಸಿ ಹೊರಟುಬಿಡುತ್ತಾರೆ. ಪುಣ್ಯ ಅವರ ಪಾಲಿಗೆ, ನೆತ್ತರು ಕೇರಿಯವರ ಪಾಲಿಗೆ.

"ಯಜಮಾನರು ಈ ವರ್ಷ ತಿಳಿದೋ ತಿಳಿಯದೆಯೋ ಮಾಡಿದ ಸಕಲ ತಪ್ಪನ್ನೂ ತಾಯಿ ಮನ್ನಿಸಬೇಕು," ಎಂದು ಭಟ್ಟರು ರಾಗ ಎಳೆದರು. "ಬನ್ನಿ ಗೌಡ್ರೆ, ಮೊದ್ಲ ಕಾಣಿಕೆ ನಿಮ್ಮದು."

ವಾಸಪ್ಪ ಗೌಡರು ಮಡಿಪಂಚೆ ಸರಿಮಾಡಿಕೊಂಡು ಬಂದರು. ಬೆರಳ ಸಂದಿಯಲ್ಲಿ ಬೆಳ್ಳಿ ರೂಪಾಯಿ. ಕಲ್ಲಿನ ಮುಂದೆ ಹಾಸಿದ್ದ ಬಾಳೆಎಲೆಯ ಮೇಲೆ ಬಗ್ಗಿದರು.

"ಸಾಹೇಬ್ರೆ!"

ಪೊರಕೆ ಹಿಡಿದು ನಿಂತಿದ್ದ ಕಮಲಳ ದನಿ ಅದು. ಅವಳಿಗೇ ಅದು ತನ್ನದು ಎನಿಸಲಿಲ್ಲ.

"ಗೌಡ್ರು ತಪ್ಪುಕಾಣ್ಕೆ ಹಾಕ್ತಾ ಇದಾರೆ. ಸರಿಯಾಗಿ ನೋಡ್ಕಳಿ."

ಪಾನಕದ ಲೋಟ ಕೆಳಗಿಳಿಯಿತು.

"ಏಯ್, ಬಾಯ್ಮುಚ್ಚೇ ಮುಂಡೆ!" ಎಂದ ವಿಜಯ್.

"ನನ್ ಗಂಡ ಹಾಕಿದ್ದೂ ಇದೇ ಕಲ್ಲಿಗೆ, ಇದೇ ಮಾತು ಹೇಳಿ. ಅವ್ನು ಹಾಕಿದ್ದು ಕಳ್ತನ ಒಪ್ಕಂಡಂಗೆ ಅಂದ್ರಿ. ಇವ್ರು ಹಾಕಿದ್ರೆ ಎಂತ ಒಪ್ಕಂಡಂಗೆ? ಕೇಳಿ. ಇಲ್ಲಿ ಇರೋರೆಲ್ಲ ಸಾಕ್ಷಿ. ರೇಣುಕಪ್ಪಾ, ಕಣ್ಣು ಬಿಟ್ಟು ನೋಡೋ. ನಾಳೆ ಕೋರ್ಟಲ್ಲಿ ನೀನೇ ಹೇಳ್ಬೇಕು!"

ಗೌಡರ ಕೈ ಎಲೆಯ ಮೇಲೆ ನಿಂತಿತು. ಇಟ್ಟರೆ ಇಡೀ ಊರಿನ ಮುಂದೆ ಇಟ್ಟಂತೆ. ಇಡದೆ ಎದ್ದರೆ ಚೌಡಿಗೆ ಬೆನ್ನು ಹಾಕಿದಂತೆ, ಅಂಥದ್ದು ಅವರ ಮನೆತನದಲ್ಲಿ ಯಾರೂ ಮಾಡಿರಲಿಲ್ಲ. ಬಗ್ಗಿದಲ್ಲಿಂದಲೇ ಅವರು ಕತ್ತು ಹೊರಳಿಸಿ ಮಗನನ್ನು ನೋಡಿದರು. ಒಂದೇ ಒಂದು ಸಲ. ವಿಜಯ್ ಬೆರಳಲ್ಲಿ ತಿರುಗಿಸುತ್ತಿದ್ದ ಗೋದಾಮಿನ ಬೀಗದ ಕೈ ಗೊಂಚಲನ್ನು ಜೇಬಿಗೆ ಹಾಕಿಕೊಂಡ.

ಅದನ್ನು ಕೇರಿಯೆಲ್ಲ ನೋಡಿತು. ರೇಣುಕಪ್ಪನೂ ನೋಡಿದ. ಬಹಳ ದಿನಗಳ ಮೇಲೆ ಅವನ ತಲೆ ಮೇಲೆದ್ದಿತ್ತು.

"ಹಾಕಿ ಒಡೇರೆ," ಎಂದಳು ಸೀತಕ್ಕ. ಕಣದಲ್ಲಿ ನಿಂತಲ್ಲೇ ಸೀರೆ ಒದ್ದೆ ಮಾಡಿಕೊಂಡಿದ್ದ ಮುದುಕಿ ಎಲ್ಲರನ್ನೂ ಸರಿಸಿ ಮುಂದೆ ಬಂದಿದ್ದಳು. "ಎಂತಕ್ಕೆ ತಡ? ಹೊತ್ತಾತು. ತಾಯಿ ಕಾಯ್ತಾ ಅದಾಳೆ."

ಸಬ್ ಇನ್ಸ್‌ಪೆಕ್ಟರು ಎದ್ದರು. ಟೋಪಿ ಇಟ್ಟುಕೊಂಡು, ನಿಧಾನಕ್ಕೆ ಕಮಲಳ ಎದುರು ಬಂದು ನಿಂತರು. ಅವರ ಹಿಂದೆ ಒಬ್ಬ ಪೊಲೀಸ್ ಹೋಗಿ ಜೀಪಿನ ಬಾಗಿಲು ತೆರೆದ.

"ಹೆಸ್ರೇನೇ ನಿಂದು?"

ಅವಳು ಪೊರಕೆ ಕೆಳಗಿಟ್ಟಳು.

"ಕಮಲ. ಗುರಿಕಾರ ಶೇಷಪ್ಪನ ಹೆಂಡ್ತಿ."

ಕೇರಿಯ ಯಾರೂ ಕದಲಲಿಲ್ಲ, ಮನೆಗೂ ಹೋಗಲಿಲ್ಲ. ಹುಂಜ ಕಟ್ಟಿದ ಕಾಲನ್ನು ಒಮ್ಮೆ ಒದರಿ ಸುಮ್ಮನಾಯಿತು. ಗೌಡರು ಇನ್ನೂ ಬಗ್ಗಿಯೇ ಇದ್ದರು. ಮುಷ್ಟಿ ಬಿಗಿದಿತ್ತು, ಕಲ್ಲಿನ ಮುಂದಿನ ಬಾಳೆಎಲೆ ಖಾಲಿ ಇತ್ತು.