ಹದಿನಾಲ್ಕನೇ ತಾರೀಖು

“ಹದಿನಾಲ್ಕನೇ ತಾರೀಖು ಎಲ್ಲಿ ಹೋತು?”

ತಾರಾಬಾಯಿ ಯಾರನ್ನೂ ಕೇಳಿದ್ದಲ್ಲ. ಗೆಜ್ಜೆವಸ್ತ್ರಕ್ಕೆ ಹತ್ತಿ ಹೊಸೆಯುತ್ತ ಕುಳಿತವರು, ಮಗ ಫೋನಿಗೆ ಕಳಿಸಿದ್ದ ಟಿಕೆಟ್ಟನ್ನು ಮೂರನೆಯ ಸಲ ಓದಿದರು. ವಿಜಯೀಂದ್ರ ಗಾಯಕರೊಬ್ಬರ ಜೊತೆ ತಬಲಾ ಸಾಥಿಗೆ ಅಮೆರಿಕ, ಆಸ್ಟ್ರೇಲಿಯಾಕ್ಕೆ ಹೊರಟಿದ್ದ. ಲಾಸ್ ಏಂಜಲೀಸ್ ಬಿಡುವುದು ಹದಿಮೂರರ ರಾತ್ರಿ ಹತ್ತೂವರೆಗೆ. ಸಿಡ್ನಿ ಮುಟ್ಟುವುದು ಹದಿನೈದರ ಬೆಳಿಗ್ಗೆ ಆರೂವರೆಗೆ.

ಹದಿನಾಲ್ಕಕ್ಕೆ ಯಜಮಾನರ ಮೊದಲ ವರ್ಷದ ಶ್ರಾದ್ಧ. ಮೈದುನ ಬಿಂದುಮಾಧವ ಮುಂಜಾನೆ ತಾನೇ ಹುಬ್ಬಳ್ಳಿಯಿಂದ ಫೋನು ಮಾಡಿದ್ದ. “ವೈನಿ, ಪಂಚಾಂಗ ನೋಡೀನಿ, ತಿಥಿ ಹದಿನಾಲ್ಕಕ್ಕ ಬರ್ತದ. ವಿಜು ಇರ್ತಾನಲ್ಲ? ಕೇಳಿ ಇಡ್ರಿ, ಮತ್ತ ಮಾಡ್ತೀನಿ. ಭಟ್ಟರಿಗೆ ಹೇಳಬೇಕು.”

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದ ಕೈ ಸುಮ್ಮನಿರಲಿಲ್ಲ. ಕಪಾಟಿನ ಮೇಲಿನ ಗ್ಲೋಬು ಇಳಿಸಿ, ಹೊಸೆದ ನೂಲನ್ನು ಎರಡು ಊರುಗಳ ನಡುವೆ ಬಿಗಿಹಿಡಿದರು. ಅದನ್ನೇ ಭೂಮಧ್ಯರೇಖೆಯ ಮೇಲೆ ಚಾಚಿ ಗೆರೆ ಎಣಿಸಿದರು. ನೂರೆಂಟು ಡಿಗ್ರಿ. ಜಪದ ಲೆಕ್ಕವೇ ಬಂತಲ್ಲ ಎಂದು ಒಂದು ಗಳಿಗೆ ಕೈ ನಿಂತಿತು. ಡಿಗ್ರಿಗೆ ನೂರಾ ಹನ್ನೊಂದು ಕಿಲೋಮೀಟರು ಎಂದರೆ ಹತ್ತಿರ ಹತ್ತಿರ ಹನ್ನೆರಡು ಸಾವಿರ. ತಾಸಿಗೆ ಎಂಟುನೂರು ಹಿಡಿದರೂ ದಾರಿ ಹದಿನೈದೇ ತಾಸಿನದು. ನಡುವೆ ಸಮುದ್ರದ ಮೇಲೆ ತಾರೀಖು ಬದಲಾಗುವ ಗೆರೆ ದಾಟಿದ್ದಕ್ಕೆ ಇಡೀ ದಿನವೊಂದು ಹೋಗಿಬಿಟ್ಟಿತ್ತು. ಧಾರವಾಡದಲ್ಲಿ ಪಿಂಡ ಇಡುವ ಹೊತ್ತಿಗೆ ಮಗ ನೀರಿನ ಮೇಲೆ.

ಹೊರಗಿನ ಕೋಣೆಯಲ್ಲಿ ವಿಜಯೀಂದ್ರ ಸಣ್ಣ ಸುತ್ತಿಗೆಯಿಂದ ತಬಲಾ ಶ್ರುತಿ ಮಾಡುತ್ತಿದ್ದ. ತಾರಾಬಾಯಿ ಹೊಸ್ತಿಲ ಒಳಗೇ ನಿಂತರು.

“ಅಲ್ಲೀ ಕಾರ್ಯಕ್ರಮ ಏಳಕ್ಕ ಮುಗೀತದ. ಸಿಡ್ನೀದು ಇಪ್ಪತ್ತಕ್ಕ. ನಡುವ ಹನ್ನೆರಡು ದಿವಸ ಅವ. ಮನಿಗೆ ಬಂದು ಹೋಗಲಿಕ್ಕೆ ಬರ್ತಿತ್ತಲ್ಲೋ?”

“ಟಿಕೆಟ್ ಕಾರ್ಯಕ್ರಮದವರು ತಗದಾರಮ್ಮಾ.”

“ತಾರೀಖು ಯಾರು ಹೇಳಿದ್ದು?”

ಸುತ್ತಿಗೆ ಎರಡು ಸಲ ಬಡಿಯಿತು. “ನಾನ.”

“ಭೂಗೋಳದಾಗ ಮೂವತ್ತೈದು ದಾಟಲಿಲ್ಲ ನೀನು. ಇದೊಂದು ಗೆರಿ ಮಾತ್ರ ಛಲೋ ತಿಳೀತು ನೋಡು.”

ಅವನು ನಕ್ಕ. ನಗು ಉಳಿಯಲಿಲ್ಲ. “ತೊಗಲಿನ ವಾದ್ಯ, ಮೈಲಿಗಿ ಅಂತ ಇಪ್ಪತ್ತೆರಡು ವರ್ಷ ಇವು ಈ ಹೊಸ್ತಿಲಾ ದಾಟಲಿಲ್ಲ. ಅಪ್ಪ ಒಂದು ದಿವಸಾನೂ ಕೂತು ಕೇಳಲಿಲ್ಲ. ಈಗ ಪಿಂಡಾ ಇಡ್ಲಿಕ್ಕೆ ಮಾತ್ರ ಇದ ಕೈ ನಡೀತದೇನು?”

ಯಜಮಾನರು ಹೋಗಿ ವರ್ಷವಾಗುತ್ತ ಬಂದರೂ, ತಬಲಾ ಒಳಗೆ ತಂದಿಡಪ್ಪಾ ಎಂದು ತಾರಾಬಾಯಿಯೂ ಹೇಳಿರಲಿಲ್ಲ.

ಕೈಯಲ್ಲಿದ್ದ ಫೋನು ಗುಂಯ್‌ಗುಟ್ಟಿತು. ಬಿಂದುಮಾಧವ.

“ಅಮ್ಮಾ, ಕಾಕಾಗ ನೀ ಹೇಳಿಬಿಡು,” ವಿಜಯೀಂದ್ರ ತಲೆ ಎತ್ತದೆ ಅಂದ. “ಕಾರ್ಯಕ್ರಮದವರು ಟಿಕೆಟ್ ಮಾಡಿಬಿಟ್ಟಾರ, ವಿಜುನ ಕೈಯಾಗೇನೂ ಇಲ್ಲ ಅಂತ. ನಿನ್ನ ಮಾತು ಕಾಕಾ ನಂಬ್ತಾರ. ಇದೊಂದು ಸಲ.”

“ನಾ ಹೇಳೂದಿಲ್ಲ.”

ಹೊಸ್ತಿಲು ದಾಟಿ ಬಂದು ಅವರು ಫೋನನ್ನು ಮಗನ ಮುಂದೆ ನೆಲದ ಮೇಲಿಟ್ಟರು. ಅದು ಗುಂಯ್‌ಗುಡುತ್ತಲೇ ಇತ್ತು. ಪಕ್ಕದಲ್ಲಿದ್ದ ಎಡಗೈ ಡಗ್ಗಾದ ತೊಗಲು ಸಣ್ಣಗೆ ಮಿಡಿಯುತ್ತಿತ್ತು.