ಕರೆಯುವವರ ಹೆಸರು

ವಿಜಯನಗರದ ಆ ಲಗ್ನಪತ್ರಿಕೆ ಅಂಗಡಿಯಲ್ಲಿ ಯಾವ ಪತ್ರಿಕೆಯನ್ನೂ ಮೊದಲಿನಿಂದ ಟೈಪ್ ಮಾಡುವುದಿಲ್ಲ. ಹಳೆಯದೊಂದನ್ನು ತೆಗೆದು ಹೆಸರು ಬದಲಿಸುವುದೇ ಅಲ್ಲಿಯ ಕಸುಬು. ಒಂದೊಂದೇ ಹುಡುಕಿ ಬದಲಿಸಿ ಬೇಸತ್ತ ಅಂಗಡಿಯ ಟೈಪಿಸ್ಟ್ ಧನ್ಯಶ್ರೀ, ಕಂಪ್ಯೂಟರೇ ಹೆಸರು ಬದಲಿಸುವಂತೆ ತಾನೇ ಒಂದು ಪುಟ್ಟ ಸ್ಕ್ರಿಪ್ಟ್ ಬರೆದುಕೊಂಡಿದ್ದಳು. ಪಟ್ಟಿಯ ಎಡಗಡೆ ಹಳೆಯ ಹೆಸರು, ಬಲಗಡೆ ಹೊಸದು. ಗುಂಡಿ ಒತ್ತಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪತ್ರಿಕೆ ಬೇರೆ ಮನೆಯದಾಗುತ್ತಿತ್ತು. ಅವಳಿಗೆ ಅದರ ಜಂಬವೋ ಜಂಬ.

ಕೆಂಗೇರಿ ಉಪನಗರದ ಗುರುದೇವಿ ಮಗಳ ಮದುವೆಯ ಪತ್ರಿಕೆ ಮಾಡಿಸಲು ಬಂದರು, ಜೊತೆಗೆ ಗಂಡನ ಅಣ್ಣ ತಮ್ಮಣ್ಣ. ಗಂಡ ತೀರಿಕೊಂಡ ಮೇಲೆ ಹದಿನಾರು ವರ್ಷ ಹೊಲಿಗೆ ಯಂತ್ರ ತುಳಿದು ಮಗಳನ್ನು ಓದಿಸಿದವರು ಗುರುದೇವಿ. ಕರೆಯುವವರ ಜಾಗದಲ್ಲಿ ತನ್ನ ಹೆಸರು ಹಾಕಬಹುದೇ ಎಂದು ಮೆಲ್ಲಗೆ ಕೇಳಿದರು. ಗಂಡ ಇಲ್ಲದವರ ಹೆಸರಲ್ಲಿ ಕರೆಯುವ ಪದ್ಧತಿ ನಮ್ಮಲ್ಲಿಲ್ಲ, ನನ್ನ ಹೆಸರಿರಲಿ ಎಂದರು ತಮ್ಮಣ್ಣ. ಗುರುದೇವಿ ಮುಂಗಡದ ಹಣ ಎಣಿಸಿ ಮೇಜಿನ ಮೇಲಿಟ್ಟರು. ಧನ್ಯಶ್ರೀಗೆ ಇದು ಸರಿ ಎನಿಸದಿದ್ದರೂ ನಡುವೆ ಬಾಯಿ ಹಾಕಲು ಅವಳು ಯಾರು?

ಅವಳು ಆರಿಸಿಕೊಂಡ ಹಳೆಯ ಪತ್ರಿಕೆಯಲ್ಲಿ ವಧುವಿನ ತಂದೆಯೂ ರಾಮಯ್ಯ, ಕರೆದವರೂ ಅದೇ ರಾಮಯ್ಯ. ವಧುವಿನ ಹೆತ್ತವರ ಜಾಗಕ್ಕೆಂದು ಪಟ್ಟಿಯ ಮೊದಲ ಸಾಲಿನಲ್ಲಿ ಅವಳು ರಾಮಯ್ಯನ ಬದಲು ಗುರುದೇವಿ ಎಂದು ಬರೆದಳು, ಕರೆಯುವವರ ಜಾಗಕ್ಕೆಂದು ಎರಡನೆಯದರಲ್ಲಿ ರಾಮಯ್ಯನ ಬದಲು ತಮ್ಮಣ್ಣ ಎಂದು. ಸ್ಕ್ರಿಪ್ಟ್ ಹೇಳಿದಷ್ಟು ಮಾಡಿತು: ಮೊದಲ ಸಾಲಿಗೇ ಎರಡೂ ಕಡೆಯ ರಾಮಯ್ಯನನ್ನು ಗುರುದೇವಿ ಮಾಡಿತು. ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಬದಲಿಸಲು ಒಬ್ಬ ರಾಮಯ್ಯನೂ ಉಳಿದಿರಲಿಲ್ಲ. ಕರಡು ತಿದ್ದಲು ಬಂದ ತಮ್ಮಣ್ಣ ಮುಹೂರ್ತ ಮತ್ತು ಛತ್ರದ ವಿಳಾಸ ಮಾತ್ರ ನೋಡಿ ತಲೆಯಾಡಿಸಿ ಹೋದರು.

ಕರೆಯುವವರ ಜಾಗದಲ್ಲೂ ಗುರುದೇವಿಯ ಹೆಸರೇ ಇದೆ ಎಂಬುದು ನಾನೂರು ಪತ್ರಿಕೆಗಳ ಡಬ್ಬ ಬಿಚ್ಚಿದಾಗಲೇ ಬಯಲಾದದ್ದು. ತಮ್ಮಣ್ಣನ ಹುಬ್ಬು ಮೇಲೇರಿತು. ತಪ್ಪು ನನ್ನದೇ, ಸಂಜೆಯೊಳಗೆ ಬೇರೆ ಅಚ್ಚು ಹಾಕಿಸಿ ಕೊಡುತ್ತೇನೆ ಎಂದಳು ಧನ್ಯಶ್ರೀ.

ಗುರುದೇವಿ ಪತ್ರಿಕೆಯನ್ನು ಕೆಳಗಿಡಲಿಲ್ಲ. ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು.

"ಬೇಡ ಕಣಮ್ಮ," ಎಂದರು. ಆಮೇಲೆ ತಮ್ಮಣ್ಣನ ಕಡೆ ತಿರುಗಿ, "ಭಾವ, ನನ್ ಮಗಳ ಮದುವೆಗೆ ನಾನೇ ಕರೀತೀನಿ. ಇದು ಹೀಗೇ ಇರ್ಲಿ."

ತಮ್ಮಣ್ಣ ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಅವರು ಓದಿ ಮುಗಿಸಿ ಅದನ್ನು ಡಬ್ಬದೊಳಗೇ ವಾಪಸಿಟ್ಟರು.

"ಹಂಗಾದ್ರೆ ನನ್ನೂ ಕರೀಬೇಕಮ್ಮ," ಎಂದರು. "ಕರೀದೆ ನಾನು ಬರಲ್ಲ."

ಗುರುದೇವಿ ಸೆರಗು ಸರಿಮಾಡಿಕೊಂಡು, ಒಂದು ಪತ್ರಿಕೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ನೀಡಿದರು.

"ಮನೆಮಂದಿಯೆಲ್ಲ ಬರ್ಬೇಕು, ಭಾವ."