ಕಡಿದಾದ ಇಳಿಜಾರಿಗೆ ಐದು ಹೆಸರು

ಪತ್ರ ಬಂದಾಗ ಮೆಲಿಷಾ ಕಾಪುವಿನ ಕಡಲ ಬದಿಯಲ್ಲಿ ಮಣಿಪಾಲದ ಮೂವರು ವೈದ್ಯ ವಿದ್ಯಾರ್ಥಿಗಳಿಗೆ ಸರ್ಫ್ ಹಲಗೆಯ ಮೇಲೆ ಎದ್ದು ನಿಲ್ಲುವುದನ್ನು ಮರಳಿನಲ್ಲಿ ಕಲಿಸುತ್ತಿದ್ದಳು. ಕೈಯನ್ನು ಚಡ್ಡಿಗೆ ಒರೆಸಿ ಫೋನ್ ತೆಗೆದು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ವಿದ್ಯಾರ್ಥಿಗಳಿಗೆ, "ಇವತ್ತಿಗೆ ಇಷ್ಟು ಸಾಕು" ಎಂದಳು. ಅವರು ಇನ್ನೂ ನೀರಿಗೇ ಇಳಿದಿರಲಿಲ್ಲ.

ಪತ್ರ ಬರೆದವಳು ಉರ್ಸುಲಾ. ಆಲ್ಪ್ಸ್ ಪರ್ವತದ ಗ್ರಾಟ್‌ಹೋರ್ನ್ ಎಂಬ ಊರಿನಲ್ಲಿ ಹಿಮದ ಮೇಲೆ ಹಲಗೆ ಹಾಕಿ ಜಾರುವವರಿಗೆ ದಾರಿ ತೋರಿಸುವ ಮಾರ್ಗದರ್ಶಿ. "ಪ್ರಿಯ ಮೆಲಿಷಾ, ನಿಮ್ಮ ತಂಡದ ನಾಯಕರು ಕಳುಹಿಸಿದ ಪಟ್ಟಿ ಸಿಕ್ಕಿತು. ಉತ್ತರದ ಕೊರಕಲಿಗೆ ನಾನು ನಾಲ್ವರನ್ನು ಮಾತ್ರ ಕರೆದೊಯ್ಯುವುದು. ಪಟ್ಟಿಯ ಮೊದಲ ನಾಲ್ವರಿಗೆ ಜಾಗ ಇಟ್ಟಿದ್ದೇನೆ. ನಿಮ್ಮನ್ನು ಹೊಸಬರ ತರಗತಿಗೆ ಸೇರಿಸಿದ್ದೇನೆ. ಅಲ್ಲಿ ಹೆಚ್ಚಿನವರು ಮಕ್ಕಳು, ನಿಮಗೆ ಖುಷಿಯಾದೀತು. ತಪ್ಪೇನಾದರೂ ಇದ್ದರೆ ಇಂದು ಸಂಜೆಯೊಳಗೆ ತಿಳಿಸಿ. ಬೇರೆಯವರು ಕಾಯುತ್ತಿದ್ದಾರೆ."

ಮೆಲಿಷಾ ದುಬೈಯ ಒಂದು ಮಾಲ್‌ನೊಳಗಿನ ಹಿಮದ ಹಾಲ್‌ನಲ್ಲಿ ಒಂಬತ್ತು ವರ್ಷ ಸ್ನೋಬೋರ್ಡ್ ಕಲಿಸಿದವಳು. ಸೂರಿನ ಕೆಳಗೆ ನಾನೂರು ಮೀಟರಿನ ಇಳಿಜಾರು. ಸಿಟಿ ಬಸ್ಸಿನ ಕಂಡಕ್ಟರನ ಹಾಗೆ ದಿನಕ್ಕೆ ನಲವತ್ತು ಸಲ ಅದೇ ದಾರಿ. ಅಲ್ಲಿಯ ಗೋಡೆಗೆ ಅಂಟಿಸಿದ್ದ ದೊಡ್ಡ ಚಿತ್ರದಲ್ಲಿ ಗ್ರಾಟ್‌ಹೋರ್ನ್‌ನ ಉತ್ತರದ ಕೊರಕಲು ಇತ್ತು: ಎರಡು ಬಂಡೆಗಳ ನಡುವೆ, ನಿಂತರೆ ಮೊಣಕೈ ಹಿಂದಿನ ಹಿಮಕ್ಕೆ ತಾಗುವಷ್ಟು ಕಡಿದಾದ ಒಂದು ಬಿಳಿ ಓಣಿ. ಒಂಬತ್ತು ವರ್ಷ ಅವಳು ಅದಕ್ಕೆ ಬೆನ್ನು ಹಾಕಿ ನಿಂತು ಬೇರೆಯವರ ಮಕ್ಕಳಿಗೆ ಬ್ರೇಕ್ ಹಾಕುವುದನ್ನು ಕಲಿಸಿದಳು. ಊರಿಗೆ ಮರಳಿದ ಮೇಲೆ ಐದು ಚಳಿಗಾಲ ಗುಲ್ಮಾರ್ಗ್‌ನಲ್ಲಿ ಕಳೆದಳು. ಕೊನೆಯ ಮೂರಕ್ಕೆ ಎರ್ಮಾಳಿನ ಯೋಗೀಶನೂ ಜೊತೆಗಿದ್ದ. ದೋಣಿಯ ಮನೆಯ ಹುಡುಗ, ಅಲೆಯ ಮೇಲೆ ನಿಂತವನು ಹಿಮದ ಮೇಲೂ ನಿಂತ. ಬರುವ ಫೆಬ್ರವರಿಯ ಗ್ರಾಟ್‌ಹೋರ್ನ್ ಪ್ರವಾಸ ಅವರಿಬ್ಬರದಾಗಿಯೇ ಹುಟ್ಟಿತ್ತು.

ಹುಟ್ಟಿದ್ದು ತಿಳಿದದ್ದೇ ತಡ, ಸಂಬಂಧಿಕರು ಸೇರಿಕೊಂಡರು. ಮೊದಲು ಅಣ್ಣ ನೆವಿಲ್. ಅವನು ಮದುವೆಗಳ ಎಂ.ಸಿ. ಕ್ರೈಸ್ತರ ಮದುವೆಯ ಹಾಲ್‌ನಲ್ಲಿ ಮೈಕ್ ಹಿಡಿದು ಯಾರು ಯಾವಾಗ ವೇದಿಕೆಗೆ ಬರಬೇಕು, ಯಾರು ಟೋಸ್ಟ್ ಎತ್ತಬೇಕು ಎಂದು ನಡೆಸಿಕೊಡುವವನು. ಫೆಬ್ರವರಿಯಲ್ಲಿ ಶುರುವಾಗುವ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಮದುವೆಗಳಿಲ್ಲ, ಹಾಗಾಗಿ ಅವನಿಗೆ ಬಿಡುವು. ಆಮೇಲೆ ಮಣಿಪಾಲದಲ್ಲಿ ಹಲ್ಲಿನ ಡಾಕ್ಟರಾದ ದಾಯಾದಿ ಡೀನ್. ಕೊನೆಗೆ ಕುಕ್ಕುಂದೂರಿನ ರೇಮಂಡ್ ಅಂಕಲ್, ವಯಸ್ಸು ಅರವತ್ತೊಂದು. ಆಗಲಿ, ಎಂದಿದ್ದಳು ಮೆಲಿಷಾ. ಕೆಳಗೆ ಸಣ್ಣ ಇಳಿಜಾರುಗಳಿವೆ, ಬಿಸಿ ಚಾಕಲೇಟು ಸಿಗುತ್ತದೆ. ಉರ್ಸುಲಾಳ ಅರ್ಜಿಯನ್ನು ಅವಳೇ ತುಂಬಿದ್ದಳು: ಕೊರಕಲಿಗೆ ಮೆಲಿಷಾ ಮತ್ತು ಯೋಗೀಶ್, ಹೊಸಬರ ತರಗತಿಗೆ ಉಳಿದ ಮೂವರು. ಪಾಸ್‌ಪೋರ್ಟ್ ಸಂಖ್ಯೆಗಳನ್ನು ಸೇರಿಸಿ ಕಳುಹಿಸು ಎಂದು ನೆವಿಲ್‌ಗೆ ಕೊಟ್ಟಿದ್ದಳು. ಅವಳ ತಪ್ಪು ಏನಾದರೂ ಇದ್ದರೆ ಅದು ಇದೊಂದೇ.

ಯೋಗೀಶನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕುಕ್ಕುಂದೂರಿಗೆ ಹೊರಟವಳು ಬೆಳ್ಮಣ್ ದಾಟುವವರೆಗೆ ಮಾತಾಡಲಿಲ್ಲ. ದಾಟಿದ ಮೇಲೆ ಆಡಿದ ಮಾತುಗಳು ಗಾಳಿಗೆ ಹೋದವು; ಹೋದದ್ದೇ ಒಳ್ಳೆಯದಾಯಿತು.

ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಮೂವರೂ ರೇಮಂಡ್ ಅಂಕಲ್‌ರ ಜಗಲಿಯಲ್ಲೇ ಇದ್ದರು. ಡೀನ್ ಆನ್‌ಲೈನ್‌ನಲ್ಲಿ ತರಿಸಿದ ಹೊಸ ಸ್ನೋಬೋರ್ಡನ್ನು ಸೋಫಾದ ಮೇಲೆ ಮಲಗಿಸಿದ್ದ, ಆದ್ದರಿಂದ ಮನುಷ್ಯರು ಪ್ಲಾಸ್ಟಿಕ್ ಕುರ್ಚಿಗಳಲ್ಲಿದ್ದರು. ಯೋಗೀಶ್ ಇದ್ದುದರಿಂದ ಮಾತು ಮನೆಯ ಕೊಂಕಣಿಯ ಬದಲು ತುಳುವಿನಲ್ಲಿ ಶುರುವಾಯಿತು. ಜೋರಾದಂತೆ ಕನ್ನಡಕ್ಕೆ ತಿರುಗಿತು. ಕನ್ನಡದಲ್ಲಿ ಜಗಳವಾಡಿದರೆ ನಮ್ಮ ಕಡೆ ಅದಕ್ಕೊಂದು ಸಭೆಯ ಗಾಂಭೀರ್ಯ ಬರುತ್ತದೆ.

"ಇದು ಎಂತ?" ಮೆಲಿಷಾ ಫೋನನ್ನು ನೆವಿಲ್‌ನ ಮೂಗಿನ ಹತ್ತಿರ ಹಿಡಿದಳು.

ನೆವಿಲ್ ಓದಿದ. "ಒಳ್ಳೆಯದೇ ಆಯ್ತಲ್ಲ. ಎಲ್ಲರಿಗೂ ಜಾಗ ಸಿಕ್ಕಿದೆ."

"ನಾನು ತುಂಬಿ ಕೊಟ್ಟದ್ದು ಎಂತ, ನೀನು ಕಳುಹಿಸಿದ್ದು ಎಂತ?"

"ಸ್ವಲ್ಪ ಸರಿ ಮಾಡಿದೆ, ಅಷ್ಟೇ."

ಸರಿ ಮಾಡಿದ ಪಟ್ಟಿ ಹೀಗಿತ್ತು. ಒಂದು, ರೇಮಂಡ್, ತಂಡದ ನಾಯಕ, ಪರಿಣತ. ಎರಡು, ಡಾಕ್ಟರ್ ಡೀನ್, ಪರಿಣತ. ಮೂರು, ಯೋಗೀಶ್, ಪರಿಣತ. ನಾಲ್ಕು, ನೆವಿಲ್, ಪರಿಣತ. ಐದು, ಮೆಲಿಷಾ, ಹೊಸಬಳು.

"ಸಾಮರ್ಥ್ಯದ ಕ್ರಮದಲ್ಲಿ ಬರೆಯಿರಿ ಅಂತ ಅರ್ಜಿಯಲ್ಲಿ ದಪ್ಪ ಅಕ್ಷರದಲ್ಲಿ ಉಂಟು ನೆವಿಲ್. ಕಣ್ಣಿಗೆ ಕಾಣಲಿಲ್ವಾ?"

"ಕಂಡಿತು ಮಾರಾಯ್ತಿ. ಹಾಗೆ ಬರೆದರೆ ಅಂಕಲ್‌ರ ಹೆಸರು ಐದನೆಯದಾಗ್ತದೆ. ಹೇಗೆ ಬರೆಯುವುದು? ನೀನೇ ಹೇಳು." ಅವನ ದನಿಯಲ್ಲಿ ನಿಜವಾದ ಬೆರಗಿತ್ತು. ಹದಿನಾಲ್ಕು ವರ್ಷಗಳಲ್ಲಿ ಆರುನೂರು ಮದುವೆ ನಡೆಸಿದವನು ಅವನು. ಹೆಸರು ಒಂದು ಸಾಲು ಕೆಳಗಾಯಿತೆಂದು ಊಟ ಬಿಟ್ಟು ಎದ್ದುಹೋದವರನ್ನು ಗೇಟಿನವರೆಗೆ ಓಡಿ ಹಿಡಿದು ತಂದವನು. "ಹಿರಿಯರು ಮೊದಲು. ಆಮೇಲೆ ಡಾಕ್ಟರ್. ಯೋಗೀಶ್ ಹೊರಗಿನವನು, ಅತಿಥಿ, ಅವನನ್ನು ನನ್ನ ಕೆಳಗೆ ಹಾಕಿದರೆ ಚೆನ್ನಾಗಿರ್ತದಾ?"

"ನಾನು ಹೊಸಬಳು ಆದದ್ದು ಯಾವಾಗ?"

"ಐದು ಜನವೂ ಪರಿಣತರು ಅಂತ ಬರೆದರೆ ಆ ಹೆಂಗಸು ನಂಬ್ತಾಳಾ? ಒಬ್ಬರಾದರೂ ಕಡಿಮೆ ಇರಬೇಕು. ನೀನಾದರೆ ಮನೆಯವಳು. ಬೇಜಾರು ಮಾಡಿಕೊಳ್ಳುವುದಿಲ್ಲ ಅಂದುಕೊಂಡೆ."

ಮೆಲಿಷಾ ನಕ್ಕಳು. ಆ ನಗೆ ಕೇಳಿ ಡೀನ್ ತನ್ನ ಕುರ್ಚಿಯನ್ನು ಸೋಫಾದ ಕಡೆಗೆ, ಸ್ನೋಬೋರ್ಡಿನ ರಕ್ಷಣೆಗೆಂಬಂತೆ, ಸರಿಸಿಕೊಂಡ.

"ಡೀನ್, ನೀನು ಹಿಮದ ಮೇಲೆ ಎಷ್ಟು ದಿನ ನಿಂತಿದ್ದಿ?"

"ಮನಾಲಿಯಲ್ಲಿ ಎರಡು ದಿನ. ಒಂದು ದಿನ ಮಳೆ ಇತ್ತು."

"ನಲವತ್ತೈದು ಡಿಗ್ರಿ ಕೊರಕಲು ಅದು. ಮೇಲೆ ಬಿದ್ದರೆ ನಿಲ್ಲುವುದು ಕೆಳಗೆಯೇ, ಮುನ್ನೂರು ಮೀಟರ್. ಮಧ್ಯದಲ್ಲಿ ಬಂಡೆ. ಒಬ್ಬ ಬಿದ್ದರೆ ಕೆಳಗಿನವರನ್ನೂ ಎಳೆದುಕೊಂಡು ಹೋಗ್ತಾನೆ. ಯಾರು ಕೆಳಗೆ? ಯೋಗೀಶ್. ಅವನ ಅಮ್ಮನಿಗೆ ಫೋನ್ ಮಾಡುವುದು ಯಾರು, ಎಂ.ಸಿ.ಯವರಾ?"

"ಹೆದರಿಸಬೇಡ ಬಾಯೆ." ರೇಮಂಡ್ ಅಂಕಲ್ ಮನೆಯ ಹುಡುಗಿಯರನ್ನೆಲ್ಲ ಕೊಂಕಣಿಯಲ್ಲಿ ಕರೆಯುವುದೇ ಹಾಗೆ. "ಹಿಮದ ವಿಷಯ ನನಗೆ ಹೇಳಬೇಡ. ಹದಿನಾರು ವರ್ಷ ಆ ಹಾಲ್‌ಗೆ ಹಿಮ ಮಾಡಿ ಕೊಟ್ಟವನು ನಾನು. ನೀನು ಜಾರಿದ್ದು ನನ್ನ ಹಿಮದ ಮೇಲೆ. ನಿನಗೆ ಕೆಲಸ ಕೊಡಿಸಿದ್ದೂ ನಾನು."

ಎರಡೂ ನಿಜ. ರೇಮಂಡ್ ಅಂಕಲ್ ಆ ಹಾಲ್‌ನ ತಂಪು ಯಂತ್ರಗಳ ಮೇಲ್ವಿಚಾರಕರಾಗಿದ್ದರು. ಹೊರಗೆ ನಲವತ್ತೆಂಟು ಡಿಗ್ರಿ ಇದ್ದಾಗ ಒಳಗೆ ಮೈನಸ್ ಎರಡು ಇಡುವುದು ಅವರ ಕೆಲಸ. ಅಷ್ಟೂ ವರ್ಷ ರಬ್ಬರ್ ಬೂಟು ಹಾಕಿ ಅಂಚಿನಲ್ಲಿ ನಡೆದಿದ್ದರು. ಯಂತ್ರದವರು ಇಳಿಜಾರಿಗೆ ಬರಬಾರದೆಂಬ ನಿಯಮವಿತ್ತು.

"ಒಂದೇ ಒಂದು ಸಲ ಜಾರಲಿಲ್ಲ," ಎಂದರು ಅವರು, ಯಾರನ್ನೂ ನೋಡದೆ.

ಮೆಲಿಷಾಳಿಗೆ ಅದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಇನ್ನೂ ಏರಿತು. ತಮ್ಮ ಮೇಲೆ ಕನಿಕರ ಹುಟ್ಟಿಸಿ ಅದರ ಭಾರವನ್ನೂ ಅವಳ ಹೆಗಲಿಗೇ ಏರಿಸುತ್ತಿದ್ದಾರಲ್ಲ.

"ಜಾರಿ ಅಂಕಲ್. ಕೆಳಗಿನ ಇಳಿಜಾರಿನಲ್ಲಿ ಜಾರಿ. ನಾನೇ ಕಲಿಸ್ತೇನೆ. ನನ್ನ ಜಾಗದಲ್ಲಿ ಜಾರಬೇಡಿ."

ಒಳಗಿನಿಂದ ಇಡ್ಲಿಯಂಥ ಸಾನ್ನಾಂಗಳ ತಟ್ಟೆ ಹಿಡಿದು ಬಂದ ಸಿಸಿಲಿಯಾ ಆಂಟಿ ಗಂಡನನ್ನು ಒಮ್ಮೆ ನೋಡಿದರು. "ಬೆಳಿಗ್ಗೆ ಚರ್ಚಿನ ಮೆಟ್ಟಿಲು ಇಳಿಯುವಾಗ ನನ್ನ ಹೆಗಲು ಬೇಕಾಯ್ತು ಇವರಿಗೆ. ಅಲ್ಲಿ ಯಾರ ಹೆಗಲು ಹಿಡೀತಾರೋ," ಎಂದು ತಟ್ಟೆಯನ್ನು ಸ್ನೋಬೋರ್ಡಿನ ಮೇಲಿಟ್ಟು ಒಳಗೆ ಹೋದರು.

"ಸರಿ, ಈಗ ಬದಲಾಯಿಸು," ಮೆಲಿಷಾ ನೆವಿಲ್‌ಗೆ ಹೇಳಿದಳು. "ನಾಯಕರ ಹೆಸರಿನಲ್ಲಿ ಕಳುಹಿಸಿದ್ದಲ್ವಾ, ನಾಯಕರ ಹೆಸರಿನಲ್ಲೇ ತಪ್ಪಾಯ್ತು ಅಂತ ಬರೆ."

ನೆವಿಲ್ ತನ್ನ ಫೋನ್ ತೋರಿಸಿದ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಒಂದು ಪೋಸ್ಟರ್ ಹೋಗಿತ್ತು. ಹಿನ್ನೆಲೆಯಲ್ಲಿ ಹಿಮ, ಮುಂದೆ ದುಂಡನೆಯ ಚೌಕಟ್ಟುಗಳಲ್ಲಿ ನಾಲ್ಕು ಮುಖ, ರೇಮಂಡ್ ಅಂಕಲ್‌ರದು ದೊಡ್ಡದು, ಸೂಟಿನಲ್ಲಿ. ಮೆಲಿಷಾಳ ಚಿತ್ರ ಕೆಳಗೆ, 'ಸಹಕಾರ' ಎಂಬ ಪದದ ಪಕ್ಕ. ಎಂಬತ್ತಮೂರು ಅಭಿನಂದನೆಗಳು. ಕುವೈತಿನಿಂದ ಒಬ್ಬರು ಕೇಕಿನ ಚಿತ್ರ ಕಳುಹಿಸಿದ್ದರು.

"ಇನ್ನು ಬದಲಾಯಿಸಿದರೆ ಜನ ಎಂತ ಹೇಳ್ತಾರೆ? ಅಂಕಲ್‌ರ ಮರ್ಯಾದೆ ಉಂಟಲ್ಲ. ನೀನು ಚೆನ್ನಾಗಿ ಜಾರ್ತಿ ಅಂತ ನಮಗೆಲ್ಲ ಗೊತ್ತುಂಟು. ಹೆಸರು ಎಲ್ಲಿದ್ದರೆ ಎಂತ?"

"ಎಲ್ಲಿದ್ದರೂ ಆಗ್ತದಾದರೆ ನೀನು ಐದಕ್ಕೆ ಬಾ."

ನೆವಿಲ್ ಸಾನ್ನಾಂ ಮುರಿದ. ಡೀನ್ ಹೆಲ್ಮೆಟ್ಟಿನ ಗಾಜು ಒರೆಸಿದ. ಎದ್ದು ನಿಂತವನು ಯೋಗೀಶ್.

"ಅಕ್ಕ, ನನ್ನ ಹೆಸರು ತೆಗೆಯಿರಿ. ನೀವು ಹೋಗಿ. ನಾನು ಇನ್ನೊಂದು ವರ್ಷ ಹೋದರೂ ಆಗ್ತದೆ."

"ಕೂತುಕೋ!" ಮೆಲಿಷಾ ಎಷ್ಟು ಜೋರಾಗಿ ಅಂದಳೆಂದರೆ ಪಕ್ಕದ ಮನೆಯ ನಾಯಿ ಬೊಗಳತೊಡಗಿತು. "ಇಲ್ಲಿ ಜಾರಲು ಬರುವವರು ಇಬ್ಬರು. ಅದರಲ್ಲಿ ಒಬ್ಬ ಬಿಟ್ಟುಕೊಟ್ಟು ಇನ್ನೊಬ್ಬಳು ಹೋಗುವುದು, ಬಾರದವರು ಮೂವರು ಅವಳ ಹಿಂದೆ. ಚಂದ ಉಂಟು ನಿಮ್ಮ ಲೆಕ್ಕ! ಎಂಟು ತಿಂಗಳಿನಿಂದ ವಾರಕ್ಕೆ ನಾಲ್ಕು ದಿನ ಗೊಮ್ಮಟ ಬೆಟ್ಟದ ಮೆಟ್ಟಿಲು ಹತ್ತಿದ್ದು ಯಾರು? ನೀನು ಮತ್ತು ನಾನು. ಇವರು ಎಲ್ಲಿದ್ದರು? ಕೆಳಗೆ, ಗೋಳಿಬಜೆ ತಿನ್ನುತ್ತಾ."

"ಒಂದು ಸಲ ತಿಂದದ್ದು," ಎಂದ ಡೀನ್.

ಮೆಲಿಷಾ ಡೀನ್‌ನ ಲ್ಯಾಪ್‌ಟಾಪನ್ನು ಎಳೆದುಕೊಂಡು ಜಗಲಿಯ ಕಟ್ಟೆಯ ಮೇಲೆ ಕೂತಳು. ಎರಡು ಬೆರಳಿನಲ್ಲಿ ಟೈಪು ಮಾಡುತ್ತಾ, ಪ್ರತಿ ವಾಕ್ಯವನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದಳು, ಯಾರೂ ಆಮೇಲೆ ತಿಳಿಯಲಿಲ್ಲ ಎನ್ನಬಾರದೆಂದು.

"ಪ್ರಿಯ ಉರ್ಸುಲಾ, ನಿಮಗೆ ಬಂದ ಪಟ್ಟಿ ವಯಸ್ಸಿನ ಮತ್ತು ಮರ್ಯಾದೆಯ ಕ್ರಮದಲ್ಲಿದೆ. ಸಾಮರ್ಥ್ಯದ ಕ್ರಮ ಇದು: ಮೆಲಿಷಾ, ಹದಿನಾಲ್ಕು ವರ್ಷ. ಯೋಗೀಶ್, ಮೂರು ಚಳಿಗಾಲ. ಇಬ್ಬರ ವೀಡಿಯೊ ಲಗತ್ತಿಸಿದೆ. ಡೀನ್, ಎರಡು ದಿನ, ಅದರಲ್ಲಿ ಒಂದು ದಿನ ಮಳೆ. ನೆವಿಲ್, ದುಬೈಯಲ್ಲಿ ಎರಡು ಗಂಟೆ, ನಾನೇ ಕೈ ಹಿಡಿದಿದ್ದೆ. ರೇಮಂಡ್..."

"ಬಾಯೆ," ಎಂದರು ರೇಮಂಡ್ ಅಂಕಲ್. "ಅದನ್ನು ಬರೆಯಬೇಡ."

ಅವಳ ಬೆರಳು ನಿಂತಿತು.

"ಬರೆಯದಿದ್ದರೆ ನಿಮ್ಮನ್ನು ಆ ಕೊರಕಲಿನ ಬಾಯಲ್ಲಿ ನಿಲ್ಲಿಸ್ತಾರೆ ಅಂಕಲ್," ಎಂದಳು, ಮತ್ತೆ ಟೈಪು ಮಾಡಿದಳು. "ರೇಮಂಡ್, ಅರವತ್ತೊಂದು, ಎಡ ಮೊಣಕಾಲು ನೋವು. ಒಮ್ಮೆಯೂ ಜಾರಿಲ್ಲ." ಕಳುಹಿಸಿದಳು.

ಉತ್ತರ ಬರಲು ಹನ್ನೊಂದು ನಿಮಿಷ ಹಿಡಿಯಿತು. ಅಷ್ಟರಲ್ಲಿ ನೆವಿಲ್ ಹೊರಗಿನ ಹೆಂಗಸಿನ ಎದುರು ಮನೆತನದ ಮಾನ ಕಳೆದವರ ಬಗ್ಗೆ ಮಾತಾಡಿದ, ಮೈಕ್ ಇಲ್ಲದ್ದರಿಂದ ಸ್ವಲ್ಪ ಚಿಕ್ಕದಾಗಿ. ಉರ್ಸುಲಾ ಮೂರೇ ಸಾಲು ಬರೆದಿದ್ದಳು: ಮೆಲಿಷಾ ಮತ್ತು ಯೋಗೀಶರಿಗೆ ಕೊರಕಲಿನಲ್ಲಿ ಜಾಗ ಇದೆ. ಉಳಿದ ಎರಡು ಜಾಗ ಕಾಯುತ್ತಿರುವವರಿಗೆ. ಮೂವರು ಸಜ್ಜನರು ಹೊಸಬರ ತರಗತಿಗೆ ಬೆಳಿಗ್ಗೆ ಒಂಬತ್ತಕ್ಕೆ ಬರಲಿ.

"ನಾನು ಬರುವುದಿಲ್ಲ," ಎಂದರು ರೇಮಂಡ್ ಅಂಕಲ್, ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

"ನೋಡು, ನೀನು ಮಾಡಿದ್ದು," ಎಂದ ನೆವಿಲ್. "ಹೋಗಿ ಸಾರಿ ಹೇಳು."

"ಆ ಪೋಸ್ಟರ್ ತೆಗೆ. ಆಮೇಲೆ ಅಂಕಲ್ ಹತ್ತಿರ ನೀನು ಹೋಗು. ಅವರನ್ನು ಒಂದನೇ ಸಾಲಿಗೆ ಏರಿಸಿದ್ದು ನಾನಲ್ಲ."

ನೆವಿಲ್ ಫೋನ್ ಕೈಯಲ್ಲಿ ಹಿಡಿದು ಕೂತೇ ಇದ್ದ. ಎಂಬತ್ತನಾಲ್ಕನೆಯ ಅಭಿನಂದನೆ ಬಂದ ಸದ್ದಾಯಿತು.

ಮೆಲಿಷಾ ಅಂಗಳಕ್ಕಿಳಿದು ಸ್ಕೂಟರ್ ತಿರುಗಿಸಿದಳು. ಕೀಲಿ ತೂರಿಸಲು ಎರಡು ಸಲ ಪ್ರಯತ್ನಿಸಬೇಕಾಯಿತು. ಯೋಗೀಶ್ ಹೆಲ್ಮೆಟ್ ಹಾಕಿಕೊಳ್ಳುತ್ತಾ ಮೆಲ್ಲನೆ, "ಅಕ್ಕ, ಜಾಗ ಸಿಕ್ಕಿತಲ್ಲ. ಇನ್ನಾದರೂ ಸಿಟ್ಟು ಬಿಡಿ," ಎಂದ.

"ಬಿಡುವುದಿಲ್ಲ," ಎಂದಳು ಮೆಲಿಷಾ. "ಫೆಬ್ರವರಿವರೆಗೆ ಬೇಕು ಅದು. ಗಾಡಿ ಹತ್ತು."